ಕುಂಸಿಯಲ್ಲಿ ಕಡಲಿತ್ತು

ಆಗುಂಬೆ ಹತ್ತಿರದ ಮನೆಯಿಂದ,
ಪುಷ್ಯ ಮಳೆಯ ಮೂರನೇ ದಿನ

ಪ್ರೀತಿಯ ಪುಟ್ಟೀ,

ಮೊನ್ನೆ ನೀನು ಫೋನಿನಲ್ಲಿ "ಅಪ್ಪಯ್ಯ, ನಾನು ಈ ಓದಿಗೆ ಬಂದದ್ದೇ ತಪ್ಪಾಯ್ತೇನೋ" ಅನ್ನುವಷ್ಟರಲ್ಲಿ ಲೈನ್ ಹೋಯಿತು. ಅವತ್ತಿನಿಂದ ಟವರೂ ಇಲ್ಲ, ಕರೆಂಟೂ ಇಲ್ಲ. ತೀರ್ಥಹಳ್ಳಿ ರಸ್ತೆಗೆ ಎರಡು ಕಡೆ ಮರ ಬಿದ್ದಿದೆಯಂತೆ. ಫೋನ್ ಸರಿಹೋಗುವವರೆಗೂ ನಿನ್ನ ಆ ಮಾತನ್ನು ಎದೆಯಲ್ಲಿ ಇಟ್ಟುಕೊಂಡು ಕೂರಲು ನನ್ನ ಕೈಲಿ ಆಗುತ್ತಿಲ್ಲ. ಅದಕ್ಕೇ ಬುಡ್ಡಿ ದೀಪ ಹಚ್ಚಿಕೊಂಡು ಬರೆಯುತ್ತಿದ್ದೇನೆ. ನಾಳೆ ಬಸ್ಸು ಬಂದರೆ ಕಂಡಕ್ಟರ್ ಕೈಲಿ ಕೊಟ್ಟು ಪೋಸ್ಟ್ ಮಾಡಿಸುತ್ತೇನೆ.

"ಘಟ್ಟದ ಮೇಲಿನವಳಿಗೆ ಕಡಲಿನ ಓದು ಯಾಕೆ" ಎಂದು ಹಾಸ್ಟೆಲಿನಲ್ಲಿ ಯಾರೋ ಅಂದರು ಎಂದೆ. ಜೊತೆಯವರೆಲ್ಲ ದೋಣಿ ಕಂಡು ಬೆಳೆದವರು, ನಿನಗೆ ಈಜೂ ಬರುವುದಿಲ್ಲ ಎಂದೆ. ಈಜಿನದು ನನ್ನ ತಪ್ಪು. ನೀನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಪಕ್ಕದೂರಿನ ಹುಡುಗನೊಬ್ಬ ಹೊಳೆಯಲ್ಲಿ ಹೋದ. ಆಮೇಲೆ ನಿನ್ನನ್ನು ನೀರಿಗೆ ಇಳಿಸುವ ಧೈರ್ಯ ನನಗೆ ಬರಲೇ ಇಲ್ಲ. ಈಜು ಈಗಲೂ ಕಲಿಯಬಹುದು, ಈ ತಿಂಗಳೇ ಸೇರಿಕೋ, ದುಡ್ಡು ಕಳಿಸುತ್ತೇನೆ. ಆದರೆ ನಮಗೂ ಕಡಲಿಗೂ ಸಂಬಂಧವಿಲ್ಲ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ ಮಗಳೇ.

ನಿನಗೆ ಹೇಳಿರದ ಒಂದು ಸಂಗತಿ ಇದೆ. ಮದುವೆಗೆ ಮುಂಚೆ, ಅಜ್ಜನ ಜೊತೆ ಮುನಿಸಿಕೊಂಡು ಮನೆ ಬಿಟ್ಟಿದ್ದ ವರ್ಷ, ಕಲ್ಲು ನೋಡಲು ಬಂದಿದ್ದ ಭೂವಿಜ್ಞಾನಿಗಳ ತಂಡದ ಜೊತೆ ಮೂರು ತಿಂಗಳು ಕುಂಸಿ ಸುತ್ತಮುತ್ತ ಸಾಮಾನು ಹೊತ್ತು ತಿರುಗಿದ್ದೆ. ತಾಳಗುಪ್ಪದ ರೈಲಿನಲ್ಲಿ ನೀನು ಎಷ್ಟೋ ಸಲ ಆ ಸ್ಟೇಷನ್ ದಾಟಿದ್ದೀಯ. ಒಂದು ಮಧ್ಯಾಹ್ನ ಅವರಲ್ಲಿ ಹಿರಿಯರೊಬ್ಬರು ಬೂದು ಬಣ್ಣದ ಸುಣ್ಣಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಮೇಲೆ ಪಾಚಿ ಒಣಗಿ ಕಪ್ಪಾಗಿತ್ತು, ನನಗೆ ಏನೂ ಕಾಣಲಿಲ್ಲ. ಕುಡಿಯುವ ನೀರಿನ ಬಾಟಲಿ ಬಗ್ಗಿಸಿ ಕಲ್ಲಿನ ಮೇಲೆ ಹೊಯ್ದು ಅಂಗೈಯಲ್ಲಿ ಉಜ್ಜಿದರು. ಗೆರೆಗಳು ಎದ್ದುಬಂದವು. ಎಲೆಕೋಸನ್ನು ನಡುವೆ ಕೊಯ್ದರೆ ಕಾಣುತ್ತದಲ್ಲ, ಹಾಗೆ ಒಂದರ ಮೇಲೊಂದು ಬಾಗಿದ ಪದರಗಳು. ನೀರು ಆರುತ್ತಿದ್ದಂತೆ ಮಾಯವಾದವು. ಮತ್ತೆ ಹೊಯ್ದರು, ಮತ್ತೆ ಬಂದವು.

"ಇದಕ್ಕೆ ಸ್ಟ್ರೊಮಟೊಲೈಟ್ ಅಂತಾರೆ. ಕಣ್ಣಿಗೆ ಕಾಣದ ಜೀವಿಗಳು ಆಳವಿಲ್ಲದ ಕಡಲಿನಲ್ಲಿ ಕೆಸರು ಹಿಡಿದಿಟ್ಟು ಪದರ ಪದರವಾಗಿ ಕಟ್ಟಿದ್ದು. 250 ಕೋಟಿ ವರ್ಷಕ್ಕೂ ಹಿಂದೆ" ಎಂದರು.

"ಹಾಗಾದ್ರೆ ಇಲ್ಲಿ ಕಡಲಿತ್ತಾ ಸಾರ್?"

"ನೀನು ನಿಂತಿದ್ದೀಯಲ್ಲ, ಅಲ್ಲೇ."

ನಾನು ಕಾಲ ಕೆಳಗೆ ನೋಡಿದೆ. ಹವಾಯಿ ಚಪ್ಪಲಿ, ಕೆಂಪು ಮಣ್ಣು, ಒಂದು ಮುಟ್ಟಿದರೆ ಮುನಿ ಗಿಡ. ಅವತ್ತು ಬಾಟಲಿ ನನ್ನ ಕೈಗೆ ಕೊಟ್ಟು "ನೀನೂ ಹೊಯ್ದು ನೋಡು" ಎಂದರು. ಆ ಗೆರೆಗಳ ಮೇಲೆ ಬೆರಳಾಡಿಸಿದ್ದು ಇವತ್ತಿಗೂ ನನ್ನ ಬೆರಳಿಗೆ ನೆನಪಿದೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬು ಪೇರಿಸಿಟ್ಟ ಹಾಗಿರುವ ಬಂಡೆಗಳಿವೆ. ನೀರಿನಡಿಯಲ್ಲಿ ಉಕ್ಕಿದ ಲಾವಾ ತಣ್ಣಗಾದರೆ ಹಾಗೆ ಗುಂಡಗಾಗುತ್ತದೆ ಎಂದು ಅವರೇ ಹೇಳಿದ್ದರು. ನಮ್ಮ ನಾಡಿನ ಹಳೆಯ ಕಲ್ಲುಗಳಲ್ಲಿ ಎಷ್ಟೋ ಕಡಲಿನವು. ಕರಾವಳಿ ಇವತ್ತು ಇರುವ ಜಾಗಕ್ಕೆ ಬಂದದ್ದು ಅದೆಷ್ಟೋ ಕಾಲದ ಮೇಲೆ.

ಅದು ಬಂದ ಕತೆಯೂ ಚೆಂದ. ಮಲ್ಪೆಯ ಎದುರಿಗೆ ಸೇಂಟ್ ಮೇರೀಸ್ ದ್ವೀಪ ಇದೆಯಲ್ಲ, ಅಲ್ಲಿನ ಕಂಬಗಲ್ಲುಗಳಿಗೆ ಸುಮಾರು 8.8 ಕೋಟಿ ವರ್ಷ ವಯಸ್ಸು. ಅಲ್ಲಿಯವರೆಗೆ ಮಡಗಾಸ್ಕರ್ ನಮ್ಮ ಪಡುವಣ ಮಗ್ಗುಲಿಗೆ ಅಂಟಿಕೊಂಡಿತ್ತು. ಅದು ಬಿಟ್ಟುಹೋಗುವಾಗ ಭೂಮಿ ಸೀಳಿ ಲಾವಾ ಬಂತು, ತಣ್ಣಗಾಗುತ್ತ ಕುಗ್ಗಿ ಬಿರುಕುಬಿಟ್ಟು ಕಂಬ ಕಂಬವಾಯಿತು. ಸೂರ್ಯಾಸ್ತ ನೋಡಲು ಜನ ನಿಲ್ಲುವ ನಮ್ಮ ಆಗುಂಬೆಯ ಅಂಚು ಇದೆಯಲ್ಲ, ಘಟ್ಟದ ಆ ಅಂಚಿನ ಹುಟ್ಟಿನ ಕತೆ ಶುರುವಾಗುವುದೂ ಆ ಅಗಲಿಕೆಯಿಂದಲೇ. ಆ ಅಂಚಿಗೆ ಕಡಲ ಗಾಳಿ ಬಂದು ಬಡಿದು ಮೇಲೇರುವುದರಿಂದಲೇ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ. ಈಗ ಹಂಚಿನ ಮೇಲೆ ಹೊಯ್ಯುತ್ತಿರುವುದೂ ಕಡಲೇ. ಉಪ್ಪು ಅಲ್ಲೇ ಬಿಟ್ಟು ಬಂದಿದೆ, ಅಷ್ಟೇ.

ನಮ್ಮ ಗುಡ್ಡದ ನೆತ್ತಿಯಲ್ಲಿ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಎರಡೂ ಕಡೆ ತೋರಿಸುತ್ತಿದ್ದೆ, ನೆನಪಿದೆಯಾ? ಮೂಡಲಿಗೆ ಬಿದ್ದ ಹನಿ ಮಾಲತಿ ಸೇರಿ, ತುಂಗೆಯಾಗಿ, ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಕೃಷ್ಣೆಗೆ ಬಿದ್ದು ಬಂಗಾಳ ಕೊಲ್ಲಿ ಮುಟ್ಟುತ್ತದೆ. ಪಡುವಲಿಗೆ ಬಿದ್ದದ್ದು ಸೀತಾನದಿಯಾಗಿ ಘಟ್ಟ ಇಳಿದು ಅರಬ್ಬಿ ಸಮುದ್ರಕ್ಕೆ. ನಮ್ಮದೇ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗದಲ್ಲಿ 253 ಮೀಟರ್ ಧುಮುಕಿ ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ಒಂದು ತಾಲ್ಲೂಕಿನ ನೀರಿಗೆ ಎರಡು ಕಡಲು.

ನೀರಿನದಷ್ಟೇ ಅಲ್ಲ ಈ ಓಡಾಟ. ಹೆಬ್ರಿ ಕಡೆಯ ನನ್ನ ಅಜ್ಜಿಮನೆಯಲ್ಲಿ, ನನಗೆ ಹತ್ತು ವರ್ಷ ಇರಬಹುದು, ಮಾವ ಸೀತಾನದಿಗೆ ಒಡ್ಡಿದ್ದ ಕೂಳಿಯಲ್ಲಿ ಒಂದು ಹಾವುಮೀನು ಬಿತ್ತು. ನನ್ನ ತೋಳಿನಷ್ಟು ದಪ್ಪ, ಮೈಯೆಲ್ಲ ಹಳದಿ ಕಂದು ಮಚ್ಚೆ. ಕೈಗೆ ಬೂದಿ ಹಚ್ಚಿಕೊಂಡು ಹಿಡಿದರೂ ಜಾರಿತು, ಅಂಗಳದ ಹುಲ್ಲಿನ ಮೇಲೆ ಹಾವಿನ ಹಾಗೇ ಹರಿದು ತೋಡಿಗೆ ಬಿದ್ದು ಹೋಯಿತು. ಮಾವ ಬೈದದ್ದು ನನ್ನನ್ನು. ಆ ಜಾತಿಯ ಮೀನು ಹುಟ್ಟುವುದು ಹೊಳೆಯಲ್ಲಲ್ಲ, ದೂರದ ಆಳ ಕಡಲಿನಲ್ಲಿ ಎಂದು ಹೋದ ಬೇಸಿಗೆಯಲ್ಲಿ ಓದಿದೆ. ಗಾಜಿನ ಎಲೆಯಂಥ ಮರಿ ಪ್ರವಾಹದಲ್ಲಿ ತೇಲಿ ದಡಕ್ಕೆ ಬಂದು, ಹೊಳೆ ಹತ್ತಿ, ವರ್ಷಗಟ್ಟಲೆ ಸಿಹಿನೀರಿನಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಕಡಲಿಗೇ ಹೋಗುತ್ತದಂತೆ. ಅವತ್ತು ನನ್ನ ಕೈಯಿಂದ ಜಾರಿದ್ದು ಅಲ್ಲಿಗೇ ಹೊರಟಿತ್ತೋ ಏನೋ ಎಂದು ಈಗ ಅನ್ನಿಸಿ ಸಮಾಧಾನವಾಗುತ್ತದೆ. ನಮ್ಮ ಕಾಡಿನ ಕಾಳಿಂಗ ಸರ್ಪ ಮತ್ತು ನಿಮ್ಮ ಬಲೆಗೆ ಬೀಳುವ ಕಡಲ ಹಾವು ಒಂದೇ ಕುಟುಂಬದವು ಎಂಬುದು ನಿನಗೆ ಪಾಠದಲ್ಲಿ ಬಂದಿರಬಹುದು.

ಮನುಷ್ಯರ ಲೆಕ್ಕವೂ ಹೀಗೇ. ಹೇರೆತ್ತುಗಳ ಮೇಲೆ ಈ ಘಟ್ಟದ ಮೆಣಸು ಇಳಿಯದಿದ್ದರೆ ಹೊನ್ನಾವರ, ಬಸರೂರುಗಳಿಗೆ ಹಡಗು ಯಾಕೆ ಬರುತ್ತಿದ್ದವು? ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ನಮ್ಮ ಕೆಳದಿಯ ಅರಸರೂ ಘಟ್ಟದ ಮೇಲೆ ಕೂತು ಬಂದರುಗಳನ್ನು ಆಳಿದವರು.

ಇನ್ನು ಆಳದ ಮಾತು. ಗುಡ್ಡದ ಅಬ್ಬಿಯಿಂದ ಮನೆಗೆ ತಂದ ಪೈಪು ಪ್ರತಿ ಮಳೆಗಾಲ ಕೆಳಗಿನ ಜಾಯಿಂಟಿನಲ್ಲೇ ಕಿತ್ತುಹೋಗುವುದನ್ನು ನೀನು ನೋಡಿದ್ದೀಯ. ಅಬ್ಬಿ ಇರುವುದು ಮನೆಗಿಂತ ಮೂವತ್ತು ಮೀಟರ್ ಎತ್ತರದಲ್ಲಿ. ಹತ್ತು ಮೀಟರ್ ನೀರಿಗೆ ಒಂದು ವಾಯುಭಾರದ ಒತ್ತಡ ಅಂದರೆ ಅಲ್ಲಿ ಮೂರು. ಅಷ್ಟಕ್ಕೇ ನನ್ನ ಸೊಲ್ಯೂಷನ್ನು, ಸೈಕಲ್ ಟ್ಯೂಬಿನ ಪಟ್ಟಿ ಎಲ್ಲ ಸೋಲುತ್ತವೆ. ಚೆನ್ನೈನಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಕಟ್ಟುತ್ತಿರುವ ಮತ್ಸ್ಯ 6000 ಎಂಬ ಆಳಕಡಲ ನೌಕೆ ಇಳಿಯಬೇಕಾದದ್ದು 6,000 ಮೀಟರಿಗೆ, ಅಂದರೆ ಆರುನೂರು ವಾಯುಭಾರ. ಕೊಡಚಾದ್ರಿ 1,343 ಮೀಟರ್. ನಾಲ್ಕು ಕೊಡಚಾದ್ರಿ ಪೇರಿಸಿದರೂ ಆ ಆಳ ತುಂಬುವುದಿಲ್ಲ. ಮೂವರು ಕೂರುವ ಟೈಟಾನಿಯಂ ಗೋಳದ ಒಳಗಲ 2.1 ಮೀಟರ್, ನಮ್ಮ ಬಚ್ಚಲುಮನೆಯಷ್ಟು. 2025ರ ಆಗಸ್ಟಿನಲ್ಲಿ ನಮ್ಮವರೊಬ್ಬರು ಫ್ರಾನ್ಸಿನ ನೌಕೆಯಲ್ಲಿ ಅಟ್ಲಾಂಟಿಕ್ಕಿನ 5,002 ಮೀಟರ್ ಆಳಕ್ಕೆ ಹೋಗಿ ಬಂದ ಸುದ್ದಿ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಿನ್ನದೇ ಯೋಚನೆ. ಹೆದರಿಕೆಯೂ ಇತ್ತು, ಹೆಮ್ಮೆಯೂ ಇತ್ತು.

ಅಲ್ಲಿ ತಳದಲ್ಲಿ ಆಲೂಗಡ್ಡೆಯಂಥ ಉಂಡೆಗಳು ಬಿದ್ದಿವೆಯಲ್ಲ, ಮ್ಯಾಂಗನೀಸ್, ನಿಕಲ್, ತಾಮ್ರ, ಕೋಬಾಲ್ಟ್ ತುಂಬಿದವು. ನಮ್ಮ ದೇಶದ ಸಂಶೋಧನಾ ಹಡಗು ಗವೇಷಣಿ ಅಂಥದ್ದನ್ನು ಮೊದಲು ಎತ್ತಿದ್ದು 1981ರ ಜನವರಿ 26ರಂದು. ಈಗ ಹಿಂದೂ ಮಹಾಸಾಗರದ ನಡುವೆ 75,000 ಚದರ ಕಿಲೋಮೀಟರ್ ಜಾಗ ನಮ್ಮ ದೇಶದ ಪಾಲಿಗಿದೆ. ಆ ಉಂಡೆ ಹತ್ತು ಲಕ್ಷ ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ಕುಂಸಿಯಲ್ಲೂ ಮ್ಯಾಂಗನೀಸ್ ಗಣಿಗಳಿದ್ದವು. ಅಗೆದು ಬಿಟ್ಟ ಹೊಂಡಗಳ ಅಂಚಿನಲ್ಲಿ ನಾನು ನಡೆದಿದ್ದೇನೆ. ಹೊಂಡದ ನೀರು ಮಳೆಗಾಲದಲ್ಲೂ ತಿಳಿಯಾಗುತ್ತಿರಲಿಲ್ಲ. ಕಡಲ ತಳ ಕೆರೆದರೆ ಎದ್ದ ಕೆಸರು ಎಲ್ಲಿಗೆ ಹೋಗುತ್ತದೆ, ಆ ಉಂಡೆಗಳನ್ನೇ ಆಸರೆ ಮಾಡಿಕೊಂಡ ಜೀವಿಗಳು ಎಲ್ಲಿಗೆ ಹೋಗಬೇಕು ಎಂದು ಕೇಳುವವರು ಅಲ್ಲಿ ಬೇಕು. ಬಗೆದ ಗುಡ್ಡ ಕಂಡ ಊರಿನಿಂದ ಒಬ್ಬಳಾದರೂ ಅದನ್ನು ತೀರ್ಮಾನಿಸುವ ಕೋಣೆಯಲ್ಲಿ ಇರಲಿ ಎಂಬುದು ನನ್ನ ಆಸೆ. ಅದಕ್ಕೆ ನಿನ್ನನ್ನು ಕಳಿಸಿದ್ದು, ಸಂಬಂಧಿಕರು ಏನೆಂದರೂ.

ದಸರಾ ರಜೆಗೆ ಬಾ. ಮೊದಲು ಕುಂಸಿಗೆ ಹೋಗೋಣ, ಆ ಕಲ್ಲು ಹುಡುಕಿ ತೋರಿಸುತ್ತೇನೆ. ಆಮೇಲೆ ಅಂಬುತೀರ್ಥದಿಂದ ಶುರುಮಾಡಿ ಬಸ್ಸೋ ಲಾಂಚೋ ಸಿಕ್ಕಿದ್ದು ಹತ್ತಿ ಹೊನ್ನಾವರದವರೆಗೆ ಶರಾವತಿಯ ಜೊತೆಗೇ ಹೋಗೋಣ. ಕೊನೆಗೆ ಮಲ್ಪೆಯಿಂದ ದ್ವೀಪಕ್ಕೆ. ದೋಣಿಯಲ್ಲಿ ನನಗೆ ತಲೆ ಸುತ್ತಿದರೆ ನೀನು ಹಿಡಿದುಕೊಳ್ಳಬೇಕು.

ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ, ಬಸ್ಸು ಸರಿಯಾದ ಮೇಲೆ ಕಳಿಸುತ್ತೇವೆ. ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಯಲು ಬಿಡುವೇ ಸಿಕ್ಕಿಲ್ಲ, ಕೊಳೆ ಶುರುವಾಗಿದೆ. ನೀನು ಬರೆದಿಡುತ್ತಿದ್ದ ಮಳೆ ಪುಸ್ತಕವನ್ನು ನಾನು ತಪ್ಪಿಸಿಲ್ಲ. ಇವತ್ತು ಬೆಳಿಗ್ಗೆ ಎಂಟೂವರೆಗೆ ಅಳತೆ 218 ಮಿಲಿಮೀಟರ್.

ಇಂತಿ,
ನಿನ್ನ ಅಪ್ಪಯ್ಯ