ಹಾಲ್‌ನಲ್ಲಿ ಉಳಿದ ಟೈಲ್ಸ್ ಕಾರಿನ ಕೆಳಗೆ ಬೇಡ

ಮಾನ್ಯ ಸಂಪಾದಕರೇ,

ಹೋದ ಶನಿವಾರ ನಿಮ್ಮ ಮನೆ ಪುಟದಲ್ಲಿ ಪೋರ್ಟಿಕೋಗಳ ಫೋಟೋ ಹಾಕಿದ್ದಿರಿ. ಚೆನ್ನಾಗಿದ್ದವು. ಕನ್ನಡಿ ಹಾಗೆ ಹೊಳೆಯುವ ನೆಲ, ಅದರಲ್ಲಿ ಕಾರು ತಲೆಕೆಳಗಾಗಿ ಕಾಣುತ್ತಿತ್ತು. ಆದರೆ ಆ ಫೋಟೋ ತೆಗೆದವರು ಜುಲೈ ತಿಂಗಳಲ್ಲಿ ನಮ್ಮ ಶಿವಮೊಗ್ಗಕ್ಕೆ ಬಂದು, ಒದ್ದೆ ಚಪ್ಪಲಿ ಹಾಕಿಕೊಂಡು ಅಂಥ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆದು ನೋಡಲಿ. ನಾನು ನಡೆದಿದ್ದೇನೆ. ಮೂರನೇ ಹೆಜ್ಜೆಗೆ ಬಿದ್ದೆ.

ಆರು ವರ್ಷದ ಹಿಂದೆ ಮನೆ ಕಟ್ಟಿಸಿದಾಗ ಹಾಲ್‌ಗೆ ತಂದ ಎರಡಡಿ ಟೈಲ್ಸ್ ಒಂದಷ್ಟು ಬಾಕ್ಸ್ ಉಳಿಯಿತು. ‘ಸುಮ್ನೆ ಯಾಕೆ ವೇಸ್ಟ್ ಮಾಡ್ತೀರಾ ಸಾರ್, ಇನ್ನೊಂದಷ್ಟು ತಂದರೆ ಪೋರ್ಟಿಕೋಗೂ ಆಗುತ್ತೆ’ ಅಂದರು ಕೆಲಸದವರು. ಗೃಹಪ್ರವೇಶ ಹತ್ತಿರ ಬಂದಿತ್ತು, ಕೈಯಲ್ಲಿ ದುಡ್ಡಿರಲಿಲ್ಲ, ಹೂಂ ಅಂದೆ. ಮೊದಲ ಮಳೆಗಾಲಕ್ಕೆ ನನ್ನ ಬಲಗೈ ಮಣಿಕಟ್ಟು ಮುರಿಯಿತು. ಎರಡನೇ ಮಳೆಗಾಲದ ಹೊತ್ತಿಗೆ ಕಾರಿನ ಚಕ್ರ ಓಡಾಡುವ ಎರಡು ಸಾಲಿನಲ್ಲೂ ಟೈಲ್ಸ್ ಬಿರುಕು ಬಿಟ್ಟಿದ್ದವು. ನಾಣ್ಯದಲ್ಲಿ ಬಡಿದು ನೋಡಿದರೆ ಟೊಳ್ಳು ಸದ್ದು. ಕಿತ್ತಾಗ ಗೊತ್ತಾಯಿತು, ಪೂರ್ತಿ ಗಾರೆ ಹರಡದೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಅಂತ ಗುಡ್ಡೆ ಹಾಕಿ ಮೇಲೆ ಟೈಲ್ಸ್ ಕೂರಿಸಿಬಿಟ್ಟಿದ್ದರು.

ಸ್ವಲ್ಪ ಲೆಕ್ಕ ಹಾಕಿ. ಸಣ್ಣ ಕಾರು ಅಂದರೂ ಹತ್ತಿರ ಹತ್ತಿರ ಒಂದು ಟನ್. ಒಂದೊಂದು ಚಕ್ರದ ಮೇಲೆ ಕಾಲು ಟನ್, ಅದು ನೆಲಕ್ಕೆ ತಾಗುವ ಜಾಗವೋ ಅಂಗೈ ಅಗಲ. ಎಂಟೊಂಬತ್ತು ಮಿಲಿಮೀಟರ್ ದಪ್ಪದ ಟೈಲ್ಸ್ ಕೆಳಗೆ ಟೊಳ್ಳಿದ್ದರೆ ಒಡೆಯದೆ ಇನ್ನೇನಾಗುತ್ತದೆ? ಪಾರ್ಕಿಂಗ್ ಟೈಲ್ಸ್ ಅಂತಲೇ ಬೇರೆ ಸಿಗುತ್ತದೆ, 12 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪ, ಮೇಲ್ಮೈ ತರಿತರಿ. ಅದನ್ನೂ ಗುಡ್ಡೆ ಹಾಕಿ ಕೂರಿಸಿದರೆ ಇದೇ ಗತಿ.

ನಿಮ್ಮ ಪುಟದಲ್ಲಿ ಯಾರೂ ಬರೆಯದ ಇನ್ನೊಂದು ವಿಷಯ ಇದೆ. ನಮ್ಮ ಕಡೆ ಮೂವತ್ತು ನಲವತ್ತರ ಸೈಟಿನಲ್ಲಿ ಸಂಪ್ ಎಲ್ಲಿರುತ್ತದೆ? ಕಾರು ನಿಲ್ಲಿಸುವ ಜಾಗದ ಕೆಳಗೇ ಅಲ್ವಾ. ನಮ್ಮದೂ ಹಾಗೆಯೇ. ನೋಡೋಕೆ ಚೆಂದ ಅಂತ ಮುಚ್ಚಳದ ಮೇಲೂ ಟೈಲ್ಸ್ ಅಂಟಿಸಿ, ನೆಲಕ್ಕೆ ಸಮ ಮಾಡಿದ್ದರು. ವಾಟ, ಅಂದರೆ ನೀರು ಹರಿದುಹೋಗುವ ಇಳಿಜಾರು, ಯಾವ ಕಡೆ ಕೊಟ್ಟಿದ್ದಾರೆ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಒಂದು ಭಾನುವಾರ ಮಗ ಕಾರು ತೊಳೆದ, ಸೋಮವಾರ ಬೆಳಿಗ್ಗೆ ಅಡುಗೆಮನೆ ನಲ್ಲಿಯಲ್ಲಿ ಶಾಂಪೂ ವಾಸನೆ! ಟೈರಿನ ಕೆಸರು, ಇಂಜಿನ್ ಆಯಿಲ್, ಸೋಪಿನ ನೀರು ಎಲ್ಲ ಸೇರಿ ಸಂಪಿಗೆ ಇಳಿದಿತ್ತು. ಅಷ್ಟರವರೆಗೆ ಎಷ್ಟು ಸಲ ಕುಡಿದಿದ್ದೆವೋ, ನೆನೆಸಿಕೊಳ್ಳುವುದೇ ಬೇಡ. ನೆಲದ ಬಣ್ಣ ಆರಿಸುವ ಮೊದಲು ಇದನ್ನು ನೋಡಿ: ಮುಚ್ಚಳ ಚಕ್ರ ಬರದ ಮೂಲೆಯಲ್ಲಿರಲಿ, ಅದರ ಅಂಚು ನೆಲಕ್ಕಿಂತ ಎರಡು ಮೂರು ಇಂಚು ಎದ್ದಿರಲಿ, ವಾಟ ಅದರಿಂದ ಆಚೆಗೆ ಗೇಟಿನ ಕಡೆ ಹೋಗಲಿ. ಅರವತ್ತಕ್ಕೆ ಒಂದು ಅಂದರೆ ಸಾಕು, 16 ಅಡಿ ಉದ್ದಕ್ಕೆ ಮೂರು ಇಂಚಿನಷ್ಟು ಇಳಿಕೆ. ಸಂಪಿನ ಮೇಲಿನ ಸ್ಲ್ಯಾಬ್ ಕಾರಿನ ಭಾರ ತಡೆಯುತ್ತದೋ ಇಲ್ಲವೋ ಎಂಜಿನಿಯರ್ ಹತ್ತಿರ ಬಾಯಿ ಬಿಟ್ಟು ಕೇಳಿ.

ಕಿತ್ತ ಮೇಲೆ ಏನು ಹಾಕುವುದು ಅಂತ ಒಂದು ತಿಂಗಳು ತಲೆ ಕೆಡಿಸಿಕೊಂಡೆ. ಕಲಬುರಗಿಯಲ್ಲಿರುವ ನನ್ನ ತಂಗಿ ಶಹಾಬಾದ್ ಕಲ್ಲು ಹಾಕಿಸು ಅಂದಳು. ಅಲ್ಲಿ ಅದು ಪಕ್ಕದ ಊರಿನ ಕಲ್ಲು, ಅವರ ಅಂಗಳದಲ್ಲಿ ಅಪ್ಪನ ಕಾಲದಿಂದ ಇದೆ. ಒಳ್ಳೆ ಕಲ್ಲೇ, ಆದರೆ ಅದು ಸುಣ್ಣದ ಕಲ್ಲು, ಯಾರಾದರೂ ಕಲೆ ತೆಗೆಯಲು ಆಸಿಡ್ ಹಾಕಿದರೋ ಬುರಬುರ ನೊರೆ ಬಂದು ಮೇಲ್ಮೈ ತಿಂದುಹೋಗುತ್ತದೆ. ಕಡಪ ಕಲ್ಲಿನ ಕಥೆಯೂ ಅದೇ. ಇಂಟರ್‌ಲಾಕ್ (ಒಂದಕ್ಕೊಂದು ಕಚ್ಚಿಕೊಂಡು ಕೂರುವ ಕಾಂಕ್ರೀಟ್ ಬಿಲ್ಲೆ) ನನಗೆ ಇಷ್ಟವಾಗಿತ್ತು. ಕಾರಿಗೆ 60 ಮಿಲಿಮೀಟರ್ ದಪ್ಪದ್ದು ಸಾಕು, ಒಂದು ಒಡೆದರೆ ಒಂದೇ ಬದಲಾಯಿಸಬಹುದು, ಪೈಪ್ ರಿಪೇರಿ ಬಂದರೆ ಎತ್ತಿಟ್ಟು ಮತ್ತೆ ಜೋಡಿಸಬಹುದು. ಆದರೆ ಕೆಳಗಿನ ಜಲ್ಲಿ ಮಣ್ಣು ಸರಿಯಾಗಿ ದಮ್ಮಸ್ಸು ಮಾಡದಿದ್ದರೆ ಎರಡೇ ವರ್ಷಕ್ಕೆ ಚಕ್ರದ ಗುಳಿ ಬೀಳುತ್ತದೆ. ಮಲೆನಾಡಿನಲ್ಲಿ ಆ ಸಂದಿಯಲ್ಲಿ ಪಾಚಿ, ಬೇಸಿಗೆಯಲ್ಲಿ ಇರುವೆ. ಪಕ್ಕದ ಮನೆಯವರು ಪ್ರೆಷರ್ ವಾಷರ್ ಹಿಡಿದು ಸಂದಿಯ ಮರಳನ್ನೆಲ್ಲ ಚರಂಡಿಗೆ ಕಳಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಎಪಾಕ್ಸಿ ಬಣ್ಣದ ವಿಷಯಕ್ಕೂ ಹೋದೆ, ಮಗನ ಒತ್ತಾಯ. ನೆಲದಿಂದ ತೇವ ಮೇಲೆ ಬರುವ ಕಡೆ ಅದು ಗುಳ್ಳೆ ಎದ್ದು ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ನೋಡುವ ಸುಲಭ ದಾರಿ ಇದೆ. ಎರಡಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ನೆಲದ ಮೇಲೆ ಒಂದು ದಿನ ಬಿಡಿ. ತೆಗೆದಾಗ ಒಳಗೆ ಬೆವರಿದ್ದರೆ ಎಪಾಕ್ಸಿ ಬೇಡ. ನಮ್ಮದು ಬೆವರಿತ್ತು.

ಕೊನೆಗೆ ಹಾಕಿಸಿದ್ದು ಬರೀ ಕಾಂಕ್ರೀಟ್. ನಾಲ್ಕು ಇಂಚು ದಪ್ಪ, ಹಸಿ ಇರುವಾಗಲೇ ಅಡ್ಡಡ್ಡ ಪೊರಕೆ ಎಳೆಸಿ ತರಿ ಮಾಡಿಸಿದೆ. ಮಾರನೇ ದಿನ ಎಂಟೆಂಟು ಅಡಿಗೆ ಒಂದು ಇಂಚು ಆಳದ ಗೆರೆ ಕೊಯ್ಸಿದೆ. ಕಾಂಕ್ರೀಟ್ ಹೇಗಿದ್ದರೂ ಬಿರುಕು ಬಿಡುತ್ತದೆ, ಆ ಗೆರೆಯಲ್ಲೇ ಬಿಡಲಿ ಅಂತ. ನೆಂಟರು ‘ಇನ್ನೂ ಟೈಲ್ಸ್ ಹಾಕಿಸಿಲ್ವಾ?’ ಅಂತ ಈಗಲೂ ಕೇಳುತ್ತಾರೆ. ಕೇಳಲಿ. ಜಗಳವಾಗಿದ್ದು ಕ್ಯೂರಿಂಗ್‌ಗೆ. ಹೊಸ ಕಾಂಕ್ರೀಟ್ ಗಟ್ಟಿಯಾಗಲು ಅದನ್ನು ಒದ್ದೆಯಾಗಿ ಇಡಬೇಕಲ್ಲ, ಮೇಸ್ತ್ರಿ ಮೂರು ದಿನ ನೀರು ಸಾಕು ಅಂದ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ನಿಯಮದಲ್ಲಿ ಮಾಮೂಲಿ ಸಿಮೆಂಟಿಗೇ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಪಿಪಿಸಿಗೆ ಕನಿಷ್ಠ 10 ದಿನ. ನಮ್ಮ ಚೀಲದ ಮೇಲೆ ಪಿಪಿಸಿ ಅಂತಲೇ ಇತ್ತು. ಗೋಣಿಚೀಲ ಹಾಸಿ 14 ದಿನ ನಾನೇ ನೀರು ಹಾಕಿದೆ, ಕಾರು ಅಷ್ಟು ದಿನ ಬೀದಿಯಲ್ಲಿ.

ಆಮೇಲಿನ ಕೆಲಸ ಜಾಸ್ತಿ ಇಲ್ಲ. ಆಯಿಲ್ ಬಿದ್ದರೆ ಕೂಡಲೇ ಮರದ ಹೊಟ್ಟು ಸುರಿದು ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಉಜ್ಜುತ್ತೇನೆ. ಪಾಚಿಗೆ ವರ್ಷಕ್ಕೆ ಎರಡು ಸಲ ಬ್ಲೀಚಿಂಗ್ ಪೌಡರ್ ನೀರು. ಆಸಿಡ್ ಮಾತ್ರ ಮನೆಯೊಳಗೆ ತಂದಿಲ್ಲ. ಅದು ಸಿಮೆಂಟನ್ನೂ ತಿನ್ನುತ್ತದೆ, ಬ್ಲೀಚಿಂಗ್ ಜೊತೆ ಸೇರಿದರೆ ಕ್ಲೋರಿನ್ ಗಾಳಿ ಎದ್ದು ಉಸಿರು ಕಟ್ಟುತ್ತದೆ. ನನ್ನಾಕೆಗೆ ಇರುವ ಒಂದೇ ತಕರಾರು ರಂಗೋಲಿಯದು. ತರಿ ನೆಲದಲ್ಲಿ ಎಳೆ ನೆಟ್ಟಗೆ ಬರುವುದಿಲ್ಲವಂತೆ. ಅದಕ್ಕೆ ಗೇಟಿನ ಹತ್ತಿರ, ಚಕ್ರ ಬರದ ಕಡೆ, ಮೂರಡಿ ಜಾಗ ನುಣ್ಣಗೆ ಮಾಡಿಸಿ ಕೊಟ್ಟಿದ್ದೇನೆ.

ಮುಂದಿನ ಸಲ ಇಂಥ ಲೇಖನ ಹಾಕುವಾಗ ಹೊಳಪಿನ ಫೋಟೋ ಜೊತೆಗೆ ಟೈಲ್ಸ್ ಕೆಳಗೆ ಏನಿದೆ, ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ಎರಡು ಸಾಲು ಬರೆಸಿ. ಅಂದಹಾಗೆ ಹಾಲ್‌ನ ಟೈಲ್ಸ್ ಎರಡು ಬಾಕ್ಸ್ ಇನ್ನೂ ಮಹಡಿ ಮೆಟ್ಟಿಲ ಕೆಳಗೆ ಬಿದ್ದಿದೆ. ಯಾರಾದರೂ ದೇವರ ಮನೆಗೆ ಹಾಕುವುದಾದರೆ ಸುಮ್ನೆ ಕೊಡುತ್ತೇನೆ, ಪೋರ್ಟಿಕೋಗೆ ಅಂದರೆ ಕೊಡುವುದಿಲ್ಲ.

ಇಂತಿ,
ನಿಮ್ಮ ಹಳೆಯ ಓದುಗ, ಶಿವಮೊಗ್ಗ