ಚೇಳಮ್ಮನ ಹುಂಡಿ, ನಮ್ಮ ಡಬ್ಬಿ

ರಾತ್ರಿ ಹನ್ನೊಂದೂವರೆ. ಬೆಳಗಾಗುವಷ್ಟರಲ್ಲಿ ನಮ್ಮ ಕನ್ನಡ ಸಂಘದ ಸುದ್ದಿಪತ್ರ ನಿಮ್ಮ ಕೈ ಸೇರಬೇಕು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊನ್ನೆ ವರಮಹಾಲಕ್ಷ್ಮಿ ಪೂಜೆಯಲ್ಲಿ ಮಂಗಳಾರತಿ ತಟ್ಟೆಯ ಪಕ್ಕ ಕಾಣಿಕೆ ಡಬ್ಬಿ, ಕ್ಯೂಆರ್ ಕೋಡ್ ಇಟ್ಟಿದ್ದೆವಲ್ಲ, ಅದನ್ನು ನೋಡಿ ನನ್ನ ಮಗಳು ಕೇಳಿದಳು: "ಅಮ್ಮಾ, ಲಕ್ಷ್ಮಿ ಹತ್ರಾನೇ ಅಷ್ಟೊಂದು ದುಡ್ಡಿದ್ಯಲ್ಲಾ, ನಾವ್ಯಾಕೆ ಕೊಡ್ಬೇಕು?" ಪಾಯಸ ಬಡಿಸುವ ನೆಪದಲ್ಲಿ ಜಾರಿಕೊಂಡೆ.

ಆಮೇಲಿಂದ ತಲೆ ತುಂಬಾ ಕೋಲಾರದ ಕೋಲಾರಮ್ಮನ ಗುಡಿ. ಚೇಳಿನ ಕಾಟದಿಂದ ಕಾಯುತ್ತಾಳೆ ಅಂತ ನಂಬುವ, ಅಲ್ಲಿರುವ ಚೇಳಮ್ಮನನ್ನು ನಿಮ್ಮಲ್ಲೂ ಕೆಲವರು ನೋಡಿರುತ್ತೀರಿ. ಅವಳ ಹುಂಡಿ ಪೆಟ್ಟಿಗೆಯಲ್ಲ, ನೆಲದಲ್ಲೇ ಕೊರೆದ ಗುಂಡಿ. ನನಗಾಗ ಏಳೋ ಎಂಟೋ ವರ್ಷ. ಹಿತ್ತಲಿನ ಸೌದೆಯಲ್ಲಿ ಚೇಳು ಕಂಡಿತು ಅಂತ ಅಜ್ಜಿ ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿಟ್ಟಿದ್ದರು. ಗುಡಿಯಲ್ಲಿ ಹಲ್ಲಿನಿಂದ ಗಂಟು ಬಿಚ್ಚಿ, ಹಳದಿ ಮೆತ್ತಿದ ಎಂಟಾಣೆ ನನ್ನ ಕೈಗೆ ಕೊಟ್ಟರು. ಹಾಕಿದೆ. ಬಗ್ಗಿ ಕಿವಿಗೊಟ್ಟೆ. "ಇದನ್ನ ಯಾರಜ್ಜಿ ತೆಗೀತಾರೆ?" "ಯಾರೂ ತೆಗೆಯಲ್ಲ. ಸುಮ್ನೆ ಕೈ ಮುಗಿ." ಬಸ್ಸಿನಲ್ಲಿ ಊರು ಸೇರುವವರೆಗೂ ಬೆರಳು ಮೂಸಿ ನೋಡುತ್ತಿದ್ದೆ, ಅರಿಶಿನ ಮತ್ತು ನಾಣ್ಯದ ವಾಸನೆ.

ಎಲ್ಲ ದೇವರ ದುಡ್ಡೂ ಹೀಗೆ ಗುಂಡಿಯಲ್ಲಿ ಕೂರಲಿಲ್ಲ. ಅದೇ ಗುಡಿಯ ಗೋಡೆಯಲ್ಲಿ ಚೋಳರ ಶಾಸನಗಳಿವೆ. ಚೋಳರ ಕಾಲದಲ್ಲಿ ಒಂದು ನಂದಾದೀಪಕ್ಕೆ 96 ಕುರಿ ಬಿಡುತ್ತಿದ್ದರು. ಕುರಿ ಪಡೆದವನು ದಿನಾ ತುಪ್ಪ ಅಳೆದು ಕೊಡಬೇಕು, ಮಂದೆ ಮಾತ್ರ ಕರಗುವಂತಿಲ್ಲ. ಅಸಲು ಮುಟ್ಟದೆ ಬಡ್ಡಿ ತಿನ್ನೋದು ಅಂದ್ರೆ ಇದೇ ಅಲ್ವಾ? ತಂಜಾವೂರಿನ ದೊಡ್ಡ ಗುಡಿಯಂತೂ ಊರಿನ ಸಭೆಗಳಿಗೆ ನೂರಕ್ಕೆ 12.5ರ ಬಡ್ಡಿಗೆ ಸಾಲ ಕೊಡುತ್ತಿತ್ತು. (ನನ್ನ ಮನೆ ಸಾಲ ಅದಕ್ಕಿಂತ ಅಗ್ಗ, ದೇವರ ದಯೆ.) ಹಳೇ ರೋಮಿನಲ್ಲಿ ಟಂಕಸಾಲೆ ಇದ್ದದ್ದು ಜೂನೋ ಮೊನೇಟಾ ದೇವಿಯ ಗುಡಿಯ ಬಳಿ. ಇಂಗ್ಲಿಷಿನ 'ಮನಿ' ಹುಟ್ಟಿದ್ದೇ ಆ ಹೆಸರಿನಿಂದ. ಮಗಳಿಗೆ ಇದನ್ನು ಹೇಳಿದರೆ, "ಸರಿ, ಆದ್ರೆ ನಮ್ ಡಬ್ಬಿ ದುಡ್ಡು ಎಲ್ಲಿಗೆ ಹೋಗತ್ತೆ?" ಅಂದಳು.

ಹಾಲ್ ಬಾಡಿಗೆಗೆ, ಇನ್ನೆಲ್ಲಿಗೆ.

ಹಾಂ, ಪ್ರಕಟಣೆಗಳು. ಗಣೇಶನ ಹಬ್ಬದ ಊಟಕ್ಕೆ ಯಾರು ಏನು ತರುತ್ತೀರಿ ಅಂತ ಮೊದಲೇ ತಿಳಿಸಿ, ಕಳೆದ ಸಲ ಏಳು ಪಾತ್ರೆ ಮೊಸರನ್ನ ಬಂದಿತ್ತು. ರಾಜ್ಯೋತ್ಸವದ ನಾಟಕದ ಅಭ್ಯಾಸ ಶನಿವಾರ ಸಂಜೆ. ಕನ್ನಡ ಕಲಿ ತರಗತಿಗೆ ಒಂದು ವಾರ ರಜೆ.

ಇನ್ನೊಂದು. ನಮ್ಮ ಖಜಾಂಚಿಯವರು ಊರಿಗೇ ವಾಪಸ್ ಹೊರಟರು, ತುಮಕೂರಿಗೆ. ಹೊಟ್ಟೆಕಿಚ್ಚು ಆಮೇಲೆ ಪಡೋಣ, ಮೊದಲು ಲೆಕ್ಕ ನೋಡುವವರು ಬೇಕು. ಬಸವಣ್ಣನವರೇ ಬಿಜ್ಜಳನ ಭಂಡಾರಿಯಾಗಿದ್ದರು, ನಿಮಗೇನು ಸಂಕೋಚ? ಡಬ್ಬಿಯ ಬೀಗದ ಕೈ ಸದ್ಯಕ್ಕೆ ನಮ್ಮ ಅಡುಗೆಮನೆಯಲ್ಲಿ, ಉಪ್ಪಿನ ಜಾಡಿಯ ಪಕ್ಕದಲ್ಲಿದೆ.