ನೋಡಿಕೊಳ್ಳುವವರ ಹೆಸರಿನಲ್ಲೂ ಒಂದು ಒಪಿ (ಹೊರರೋಗಿ) ಚೀಟಿ ಇರಲಿ: ಕಾಸರಗೋಡು ಜಿಲ್ಲಾ ಪಂಚಾಯತು ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುವುದು 2000ದ ಹೊತ್ತಿಗೆ ನಿಂತಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕದ ಮನೆಗಳಲ್ಲಿ ಆಗ ತೊಟ್ಟಿಲಲ್ಲಿದ್ದು ಅದರ ಬಾಧೆಗೆ ಸಿಕ್ಕವರಿಗೆ ಈಗ ಇಪ್ಪತ್ತೈದು ದಾಟಿದೆ. ಅವರನ್ನು ಎತ್ತಿ ಕೂರಿಸಿ, ಉಣಿಸಿ, ಮೀಯಿಸುವ ಅಮ್ಮಂದಿರಿಗೆ ಐವತ್ತು, ಅರವತ್ತಾಗಿದೆ. ಸಂತ್ರಸ್ತರ ಪಟ್ಟಿ, ಪರಿಹಾರ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ, ಇವುಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಈ ಪತ್ರ ಆ ಪಟ್ಟಿಯಲ್ಲಿ ಹೆಸರಿಲ್ಲದವರ ಬಗ್ಗೆ. ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ಖಿನ್ನತೆ ಇದೆಯೇ ಎಂದು ಕೇಳಿ, ಬರೆದಿಟ್ಟು, ಚಿಕಿತ್ಸೆ ಕೊಡುವ ಏರ್ಪಾಡು ನಮ್ಮ ಜಿಲ್ಲೆಯಲ್ಲಿ ಆಗಬೇಕು. ಪಾರ್ಶ್ವವಾಯು, ಮರೆವಿನ ಕಾಯಿಲೆ (ಡಿಮೆನ್ಷಿಯಾ), ಕ್ಯಾನ್ಸರ್ ಇರುವ ಮನೆಗಳೂ ಇದರಲ್ಲಿ ಸೇರಬೇಕು.

ಬೇಕಾದದ್ದರಲ್ಲಿ ಹೆಚ್ಚಿನದು ಇಲ್ಲೇ ಇದೆ. ಹಾಸಿಗೆ ಹಿಡಿದವರ ಆರೈಕೆಗೆ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬರುತ್ತಾರೆ. ಕುಟುಂಬ ಆರೋಗ್ಯ ಕೇಂದ್ರಗಳಿಗೆ ಖಿನ್ನತೆಗೆಂದೇ ‘ಆಶ್ವಾಸಂ’ ಕ್ಲಿನಿಕ್ಕಿನ ಯೋಜನೆ ಇದೆ. ಆರೈಕೆ ಮಾಡುವವರಿಗೆ ‘ಆಶ್ವಾಸಕಿರಣಂ’ ಸಹಾಯಧನ ಇದೆ, ವರ್ಷಗಟ್ಟಲೆ ತಿಂಗಳಿಗೆ 600 ರೂಪಾಯಿಯಲ್ಲೇ ನಿಂತದ್ದು. ಒಂದರಲ್ಲಿ ಗೊತ್ತಾದದ್ದು ಇನ್ನೊಂದಕ್ಕೆ ತಲುಪಬೇಕು, ಆದರೆ ತಲುಪುವುದಿಲ್ಲ. ನರ್ಸ್ ಮೂತ್ರದ ನಳಿಕೆ (ಕ್ಯಾತಿಟರ್) ಬದಲಿಸುತ್ತಾರೆ, ಬೆನ್ನಿನ ಹುಣ್ಣು ನೋಡುತ್ತಾರೆ, ಬಿಪಿ ಬರೆಯುತ್ತಾರೆ. ಬರೆಯುವುದೆಲ್ಲ ರೋಗಿಯ ಫೈಲಿಗೆ. ಪಕ್ಕದಲ್ಲಿ ಬಿಸಿನೀರಿನ ಪಾತ್ರೆ ಹಿಡಿದು ನಿಂತವರಿಗೆ ಫೈಲೇ ಇಲ್ಲ. ಅವರಾಗಿ ಆಸ್ಪತ್ರೆಗೆ ಹೋದರೂ ಹೇಳುವುದು ಬೆನ್ನುನೋವು, ತಲೆಭಾರ, ನಿಶ್ಶಕ್ತಿ. ವಿಟಮಿನ್ ಮಾತ್ರೆ, ಗ್ಯಾಸಿನ ಮಾತ್ರೆ ಹಿಡಿದು ವಾಪಸಾಗುತ್ತಾರೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ತೀವ್ರ ಖಿನ್ನತೆ ಇರುವವರಲ್ಲಿ ಶೇ. 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಇದು ಬರೀ ಬೇಸರದ ವಿಷಯವಲ್ಲ. ವರ್ಷಗಟ್ಟಲೆ ನಿದ್ದೆಗೆಟ್ಟು, ಸದಾ ಆತಂಕದಲ್ಲಿರುವವರ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನಿನ ಏರಿಳಿತದ ಲೆಕ್ಕ ತಪ್ಪುತ್ತದೆ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್, ಯೋಚಿಸಿ ನಿರ್ಧರಿಸಲು ಬೇಕಾದ ಮಿದುಳಿನ ಮುಂಭಾಗ, ಎರಡಕ್ಕೂ ಅದರ ಪೆಟ್ಟು ಬೀಳುತ್ತದೆ. ಖಿನ್ನತೆ ಇದ್ದವರು ನಿಧಾನವಾಗುವುದು, ಮರೆಯುವುದು, ಎರಡು ಕೆಲಸ ಒಟ್ಟಿಗೆ ಬಂದರೆ ಕಂಗಾಲಾಗುವುದು ಇದರಿಂದಲೂ ಇರಬಹುದು. ಅಪಸ್ಮಾರದ ಮಾತ್ರೆಯನ್ನು ದಿನಕ್ಕೆರಡು ಸಲ ತಪ್ಪದೆ ಕೊಡಬೇಕಾದವರು ಇವರೇ ಎಂಬುದನ್ನು ನೆನಪಿಡಿ. ಎರಡು ಹೊತ್ತು ತಪ್ಪಿದರೆ ಮಗನಿಗೆ ಫಿಟ್ಸ್ ಬರಬಹುದು. ಆಗ ತಾಯಿಯನ್ನು ಗದರಿಸುವ ಬದಲು ಬೆಳಗ್ಗೆ-ರಾತ್ರಿ ಎಂದು ಖಾನೆ ಮಾಡಿದ ಮಾತ್ರೆ ಡಬ್ಬಿ ಕೊಡಬೇಕು, ಒಂದು ಭೇಟಿಗೆ ಒಂದೇ ಬದಲಾವಣೆ ಹೇಳಬೇಕು, ಅದನ್ನೂ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಕೊಡಬೇಕು. ಅರವತ್ತು ದಾಟಿದವರು ‘ಮರೆವು’ ಎಂದಾಗ ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿ, ಖಿನ್ನತೆಗೆ ಚಿಕಿತ್ಸೆ ಕೊಟ್ಟ ಮೇಲೆ ಮತ್ತೊಮ್ಮೆ ನೆನಪನ್ನು ಪರೀಕ್ಷಿಸಬೇಕು. ವಾರಗಳೊಳಗೆ ಶುರುವಾಗಿ, ತಾವೇ ಬಂದು ದೂರು ಹೇಳುವ ಮರೆವು ಹೆಚ್ಚಾಗಿ ಖಿನ್ನತೆಯದ್ದು. ಆದರೂ ಕೆಲವರಲ್ಲಿ ಅದು ಮರೆವಿನ ಕಾಯಿಲೆಯ ಮೊದಲ ಹೆಜ್ಜೆ ಇರಬಹುದು, ಹಾಗಾಗಿ ಒಂದೇ ಭೇಟಿಯಲ್ಲಿ ತೀರ್ಮಾನ ಬೇಡ.

ಕೇಳುವ ಕ್ರಮ ಸರಳ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ, ಕಳೆದ ಎರಡು ವಾರದ ಬಗ್ಗೆ. ಪ್ರತಿಯೊಂದಕ್ಕೂ 0ರಿಂದ 3 ಅಂಕ, ಒಟ್ಟು 27. ಹತ್ತು ಅಥವಾ ಮೇಲೆ ಬಂದರೆ ವೈದ್ಯರು ನೋಡಬೇಕು. ತಪ್ಪಾಗುವುದು ಕೇಳುವ ರೀತಿಯಲ್ಲಿ. ಎರಡು ಗಂಟೆಗೊಮ್ಮೆ ಎದ್ದು ರೋಗಿಯ ಮಗ್ಗುಲು ಬದಲಿಸುವವರಿಗೆ ‘ನಿದ್ದೆ ಬರುವುದಿಲ್ಲವೇ’ ಎಂದರೆ ಪೂರ್ತಿ ಮೂರು ಅಂಕ. ‘ಮಲಗಲು ಬಿಡುವು ಸಿಕ್ಕ ದಿನವೂ ನಿದ್ದೆ ಬರುವುದಿಲ್ಲವೇ’ ಎಂದು ಮುಂದುವರಿಸಿ ಕೇಳಿದರೆ ಮಾತ್ರ ದಣಿವು ಯಾವುದು, ಖಿನ್ನತೆ ಯಾವುದು ಎಂಬುದು ವೈದ್ಯರಿಗೆ ಅಂದಾಜಾಗುತ್ತದೆ. ಅತ್ತೆ ಅಥವಾ ಗಂಡ ಜಗಲಿಯಲ್ಲಿ ಕೂತಿರುವಾಗ ಕೇಳಿದರೆ ಎಲ್ಲಕ್ಕೂ ಸೊನ್ನೆ. ಅಡುಗೆಮನೆಯಲ್ಲೋ ಬಾವಿಕಟ್ಟೆಯಲ್ಲೋ ಒಬ್ಬರೇ ಇರುವಾಗ ಕೇಳಬೇಕು, ಮನೆಯ ಮಕ್ಕಳನ್ನು ದುಭಾಷಿ ಮಾಡಲೇಬಾರದು. ಮಲಯಾಳಂ ನಮೂನೆಯನ್ನು ಅಲ್ಲಲ್ಲೇ ಅನುವಾದಿಸಿ ಓದುವುದು ನಿಲ್ಲಲಿ, ಕನ್ನಡ ನಮೂನೆಯನ್ನು ಅಚ್ಚು ಹಾಕಿಸಿ. ತುಳು ಮಾತನಾಡುವ ಆಶಾ ಕಾರ್ಯಕರ್ತೆಯರಿಗೆ ಅರ್ಧ ದಿನದ ತರಬೇತಿ ಕೊಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ರೋಗಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಮಾಹಿತಿ ಕೊಡಬೇಕು ಎನ್ನುತ್ತದೆ.

ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದ್ದು. ಸಂಕೋಚದಿಂದ ಇದನ್ನು ಹಾರಿಸಿಬಿಡುವುದುಂಟು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅದೇ ದಿನ ವೈದ್ಯರು ನೋಡಬೇಕು, ಅಲ್ಲಿಯವರೆಗೆ ಒಬ್ಬರನ್ನೇ ಬಿಡಬಾರದು, ಮನೆಯಲ್ಲಿರುವ ಕೀಟನಾಶಕವನ್ನು ಬೇರೆಯವರು ಹೊರಗೆ ಸಾಗಿಸಿಡಬೇಕು. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಹಗಲಿರುಳು ಇದೆ.

ಖಿನ್ನತೆಯ ಮಾತ್ರೆ ಶುರುವಾದ ಮೇಲಿನ ಮೊದಲ ದಿನಗಳಲ್ಲೇ ಅನೇಕರು ಕೈಬಿಡುತ್ತಾರೆ. ಹೊಟ್ಟೆ ತೊಳಸುವುದು, ಚಡಪಡಿಕೆ ಮೊದಲ ವಾರದಲ್ಲೇ ಬರುತ್ತವೆ, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಇದನ್ನು ಮೊದಲೇ ಹೇಳಿ, ಏಳನೆಯ ದಿನ ಒಂದು ಫೋನ್ ಮಾಡಿದರೆ ಅನೇಕರು ಮಾತ್ರೆ ಮುಂದುವರಿಸುತ್ತಾರೆ. ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಎಣ್ಮಕಜೆಯ ಪಡ್ರೆಯಿಂದ ಕಾಸರಗೋಡಿಗೆ ಹೋಗಿಬರಲು ಒಂದು ದಿನ ಹೋಗುತ್ತದೆ, ರೋಗಿಯನ್ನು ಬಿಟ್ಟು ಹೋಗುವಂತಿಲ್ಲ. ಆದ್ದರಿಂದ ಮುಂದಿನ ತಿಂಗಳ ಮಾತ್ರೆ ನರ್ಸ್ ಮನೆಭೇಟಿಗೆ ಬರುವ ಹೋಂ ಕೇರ್ ಗಾಡಿಯಲ್ಲೇ ಬರಬೇಕು.

ಮಾತ್ರೆಯ ಜೊತೆಗೆ, ಅಥವಾ ಖಿನ್ನತೆ ತೀರಾ ತೀವ್ರವಲ್ಲದಿದ್ದರೆ ಮಾತ್ರೆಯ ಬದಲು, ಮಾತಿನ ಚಿಕಿತ್ಸೆ ಇದೆ. ಇದಕ್ಕೆ ಮನೋವೈದ್ಯರೇ ಬೇಕಿಲ್ಲ ಎಂಬುದನ್ನು ಗೋವಾದ ಸಂಶೋಧನೆ ತೋರಿಸಿದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಊರಿನ ಕಾರ್ಯಕರ್ತರು ಆರರಿಂದ ಎಂಟು ಭೇಟಿ ಕೊಟ್ಟರು. ಮೂರು ತಿಂಗಳಿಗೆ ಶೇ. 64 ಮಂದಿ ಖಿನ್ನತೆಯಿಂದ ಹೊರಬಂದರು, ಮಾಮೂಲಿ ಚಿಕಿತ್ಸೆಯವರಲ್ಲಿ ಅದು ಶೇ. 39. ಅಲ್ಲಿ ‘ಧೈರ್ಯ ತಂದುಕೊಳ್ಳಿ’ ಎಂಬ ಉಪದೇಶ ಇರಲಿಲ್ಲ. ಬಿಟ್ಟುಹೋದ ಒಂದು ಕೆಲಸವನ್ನು ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಜೊತೆ ಎಂದು ನಿಗದಿ ಮಾಡುವುದು, ಮುಂದಿನ ಭೇಟಿಯಲ್ಲಿ ಅದೇನಾಯಿತೆಂದು ಕೇಳುವುದು, ಇದೇ ಅದರ ತಿರುಳು. ಗೋವಾದಲ್ಲೇ 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮರೆವಿನ ಕಾಯಿಲೆಯ 81 ಕುಟುಂಬಗಳಿದ್ದವು. ಮನೆಗೇ ಹೋಗಿ ಸಲಹೆ ಕೊಟ್ಟಾಗ ನೋಡಿಕೊಳ್ಳುವವರ ಮಾನಸಿಕ ಒತ್ತಡ ಕಡಿಮೆಯಾಗಿತ್ತು.

ಇಷ್ಟಾದರೂ ಬಿಡುವಿಲ್ಲದಿದ್ದರೆ ಎಲ್ಲ ಕುಸಿಯುತ್ತದೆ. ನಮ್ಮ ದೃಷ್ಟಿಯಲ್ಲಿ ಮೊದಲ ಹಣ ಇಲ್ಲಿಗೇ ಹೋಗಬೇಕು: ವಾರಕ್ಕೆ ನಾಲ್ಕು ಗಂಟೆ ರೋಗಿಯನ್ನು ನೋಡಿಕೊಳ್ಳಲು ಮನೆಯವರ ಬದಲು ಇನ್ನೊಬ್ಬರು. ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘಗಳ ಹೆಂಗಸರಿಗೆ ಸಂಬಳ ಕೊಟ್ಟು ಕಲಿಸಬಹುದು. ಮೈ ಎತ್ತುವುದು ಯಾವಾಗಲೂ ಇಬ್ಬರು ಸೇರಿ. ಊಟ ನೆಟ್ಟಗೆ ಕೂರಿಸಿ, ಊಟವಾದ ಮೇಲೂ ಅರ್ಧ ಗಂಟೆ ಹಾಗೇ. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಹೊರಳಿಸಿ ಬಾಯಿಗೆ ಏನೂ ತುರುಕದೆ ಗಡಿಯಾರ ನೋಡುವುದು, ಐದು ನಿಮಿಷ ದಾಟಿದರೆ ಆಂಬುಲೆನ್ಸ್. ಮೊದಲ ಎರಡು ಸಲ ತಾಯಿ ಮನೆಯಲ್ಲೇ ಇದ್ದು ನೋಡಲಿ. ಹೊಸಬರ ಕೈಗೆ ಒಮ್ಮೆಲೇ ಒಪ್ಪಿಸಿ ಹೋಗಲು ಯಾವ ತಾಯಿಗೂ ಮನಸ್ಸು ಬರುವುದಿಲ್ಲ, ಅಲ್ಲೇ ಯೋಜನೆ ನಿಂತುಹೋಗುತ್ತದೆ.

ಸರ್ವೆ ಮಾತ್ರ ಮತ್ತೆ ಬೇಡ. ನಮ್ಮ ಜನ ಪ್ರಶ್ನೆಗಳಿಗೆ ಉತ್ತರಿಸಿ ಸೋತಿದ್ದಾರೆ. ಅಂಕ ಬರೆದುಕೊಂಡ ದಿನವೇ ಚಿಕಿತ್ಸೆಗೆ ಹೆಸರು ಬರೆಯುವಂತಿದ್ದರೆ ಮಾತ್ರ ಅಧ್ಯಯನ ನಡೆಯಲಿ. ಶುರುವಿನಲ್ಲಿ, ಮೂರು ತಿಂಗಳಿಗೆ, ಆರು ತಿಂಗಳಿಗೆ ಅದೇ ಪ್ರಶ್ನೆ ಕೇಳಿದರೆ ಅಧ್ಯಯನದ ಲೆಕ್ಕ ತಾನಾಗಿ ಸಿಗುತ್ತದೆ.

ಜಿಲ್ಲಾ ಯೋಜನಾ ಸಮಿತಿಯ ಅಧ್ಯಕ್ಷತೆ ನಿಮ್ಮದೇ. ಮುಂದಿನ ವಾರ್ಷಿಕ ಯೋಜನೆಯಲ್ಲಿ ಮೇಲೆ ಹೇಳಿದ ಐದು ಪಂಚಾಯತುಗಳ ಜಂಟಿ ಯೋಜನೆಯಾಗಿ ಇದನ್ನು ಸೇರಿಸಿ: ಹೋಂ ಕೇರ್ ಫೈಲಿನಲ್ಲಿ ನೋಡಿಕೊಳ್ಳುವವರಿಗೆ ಒಂದು ಪುಟ, ಅವರ ಹೆಸರಿನಲ್ಲೇ ಒಪಿ ಚೀಟಿ, ಕನ್ನಡ ನಮೂನೆ, ಬದಲಿ ಕೆಲಸದವರ ಸಂಬಳ. ಯೋಜನೆಯ ಕರಡು ತಯಾರಿಸಲು, ತರಬೇತಿ ಕೊಡಲು ನಾವು ಸಿದ್ಧರಿದ್ದೇವೆ. ಕರೆದ ದಿನ ಬರುತ್ತೇವೆ.

ಇಂತಿ,
ಕಾಸರಗೋಡಿನ ಕನ್ನಡ ಪ್ರದೇಶದ ಮಾನಸಿಕ ಆರೋಗ್ಯ ಮತ್ತು ಪಾಲಿಯೇಟಿವ್ ಆರೈಕೆಯ ಕಾರ್ಯಕರ್ತರು